ಬ್ಲೈನಾವನ್‌ಗೆ ಹೋದರೆ ಮೊದಲು ಗಣಿಗೆ ಇಳಿಯಿರಿ

ದಕ್ಷಿಣ ವೇಲ್ಸ್‌ನ ಬ್ಲೈನಾವನ್ ನೋಡುವ ಆಸೆಯಿದ್ದವರು ಬಹಳ ಕಾಲ ಮುಂದೂಡಬೇಡಿ. ಇಲ್ಲಿನ ‘ಬಿಗ್ ಪಿಟ್’ ಈಗ ವಸ್ತುಸಂಗ್ರಹಾಲಯವಾಗಿರುವ ಹಳೆಯ ಕಲ್ಲಿದ್ದಲು ಗಣಿ. ಅದರೊಳಗೆ ನಮ್ಮನ್ನು ಕರೆದೊಯ್ಯುವವರಲ್ಲಿ ಸ್ವತಃ ಕಲ್ಲಿದ್ದಲು ತೆಗೆದವರಿದ್ದಾರೆ. ಈ ಕಣಿವೆಗಳ ಕೊನೆಯ ದೊಡ್ಡ ಆಳದ ಗಣಿ 2008ರಲ್ಲೇ ಮುಚ್ಚಿದೆ. ಈ ಹಿರಿಯರ ಬಾಯಿಂದ ಕೇಳುವ ಅವಕಾಶ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಲಂಡನ್‌ನ ಪ್ಯಾಡಿಂಗ್ಟನ್‌ನಿಂದ ನ್ಯೂಪೋರ್ಟ್‌ಗೆ ರೈಲಿದೆ, ಅಲ್ಲಿಂದ ಮುಂದೆ ಬಸ್ಸಿನ ದಾರಿ. ಗಣಿ ಊರಿನ ಮೇಲಿನ ಗುಡ್ಡದಲ್ಲಿರುವುದರಿಂದ ಕೊನೆಯ ಏರುದಾರಿಯನ್ನು ನಡೆದು ಹತ್ತಬೇಕಾಗಬಹುದು. ಗಣಿಯೊಳಗಿನ ಭೇಟಿಯ ಟಿಕೆಟ್ ಮತ್ತು ಸಮಯವನ್ನು ಹೊರಡುವ ಮೊದಲೇ ನೋಡಿಕೊಳ್ಳಿ. ಬೆಳಗಿನ ತಂಡವೇ ಒಳ್ಳೆಯದು, ಮಧ್ಯಾಹ್ನ ಸಾಲು ಬೆಳೆಯುತ್ತದೆ. ಒಂದು ಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳನ್ನು ಕೆಳಗೆ ಬಿಡುವುದಿಲ್ಲ.

ಇಳಿಯುವ ಮುಂಚೆ ಮೊಬೈಲ್, ಕೈಗಡಿಯಾರ, ಲೈಟರ್ ಎಲ್ಲವನ್ನೂ ಮೇಲೆಯೇ ಒಪ್ಪಿಸಬೇಕು. ಕಲ್ಲಿದ್ದಲಿನ ಪದರದಿಂದ ಹೊಮ್ಮುವ ಮೀಥೇನ್‌ಗೆ ಒಂದು ಕಿಡಿ ಸಾಕು ಎಂಬುದೇ ಕಾರಣ. ಹಾಗಾಗಿ ಒಳಗೆ ಫೋಟೋ ತೆಗೆಯುವ ಮಾತೇ ಇಲ್ಲ. ಇದು ಕೊರತೆಯಲ್ಲ, ಕಣ್ಣು ಕಿವಿ ಎರಡೂ ಪೂರ್ತಿ ಅಲ್ಲಿಯೇ ಇರುತ್ತವೆ. ಹೆಲ್ಮೆಟ್, ದೀಪ, ಸೊಂಟಪಟ್ಟಿಯಲ್ಲಿ ಭಾರದ ಬ್ಯಾಟರಿ ತೊಟ್ಟು ಕೇಜ್‌ನಲ್ಲಿ (ಗಣಿಯ ಲಿಫ್ಟ್) ಸುಮಾರು 90 ಮೀಟರ್ ಇಳಿಯುತ್ತೇವೆ. ಕೆಲವೆಡೆ ಬಗ್ಗಿ ನಡೆಯಬೇಕು. ಬೆನ್ನು, ಮಂಡಿ ನೋವಿದ್ದವರು ಯೋಚಿಸಿ ಹೊರಡಿ.

ಮಾರ್ಗದರ್ಶಿ ಎಲ್ಲರ ದೀಪವನ್ನೂ ಆರಿಸಲು ಹೇಳಿದಾಗ ಕಣ್ಣೆದುರಿನ ಕೈಯೂ ಕಾಣಲಿಲ್ಲ. ಗಣಿಯೊಳಗಿನ ಗಾಳಿಯ ಹರಿವನ್ನು ಹಿಡಿತದಲ್ಲಿಡುವ ಬಾಗಿಲುಗಳನ್ನು ತೆರೆದು ಮುಚ್ಚಲು ಪುಟ್ಟ ಮಕ್ಕಳು ದಿನವಿಡೀ ಇಂಥ ಕತ್ತಲೆಯಲ್ಲಿ ಕೂರುತ್ತಿದ್ದರು. 1842ರ ಕಾಯ್ದೆ ಹೆಣ್ಣುಮಕ್ಕಳನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ನೆಲದಡಿಯ ಕೆಲಸದಿಂದ ಹೊರಗಿಟ್ಟಿತು. ಕಲ್ಲಿದ್ದಲಿನ ಗಾಡಿ ಎಳೆಯುತ್ತಿದ್ದ ಕುದುರೆಗಳ ಲಾಯವೂ ಕೆಳಗೇ ಇದೆ, ಕುದುರೆ ಕಟ್ಟುತ್ತಿದ್ದ ಪ್ರತಿ ಜಾಗದ ಮೇಲೂ ಅದರ ಹೆಸರಿದೆ.

ಮೇಲೆ ಬಂದ ಮೇಲೆ ಹೆಚ್ಚಿನವರು ಬಿಟ್ಟುಹೋಗುವ ಸ್ನಾನಗೃಹಗಳನ್ನು ತಪ್ಪದೆ ನೋಡಿ. ಇವು 1939ರಲ್ಲಿ ಬಂದವು. ಅಲ್ಲಿಯವರೆಗೆ ಗಂಡಸರು ಮಸಿ ಮೆತ್ತಿಕೊಂಡೇ ಮನೆಗೆ ಹೋಗುತ್ತಿದ್ದರು, ನೀರು ಕಾಯಿಸಿ ತೊಟ್ಟಿ ತುಂಬುವ ದುಡಿಮೆ ಮನೆಯ ಹೆಂಗಸರದು. ಗಣಿಯ ಚರಿತ್ರೆಯಲ್ಲಿ ಆ ಹೆಂಗಸರ ಪಾಲು ಎಷ್ಟೆಂದು ನನಗೆ ಹೊಳೆದದ್ದು ಇಲ್ಲಿ.

ಊರೊಳಗೆ 1789ರ ಕಬ್ಬಿಣದ ಕುಲುಮೆಗಳಿವೆ. ನೀರಿನ ತೂಕದಿಂದ ಸರಕನ್ನು ಮೇಲೆತ್ತುತ್ತಿದ್ದ ಗೋಪುರ, ಕಾರ್ಮಿಕರ ಸಾಲುಮನೆಗಳು ಇಲ್ಲಿ ಚೆನ್ನಾಗಿ ಉಳಿದಿವೆ. ರಂಜಕ ಹೆಚ್ಚಿರುವ ಅದಿರಿನಿಂದಲೂ ಉಕ್ಕು ತಯಾರಿಸುವ ವಿಧಾನವನ್ನು ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಮತ್ತು ಪರ್ಸಿ ಗಿಲ್‌ಕ್ರಿಸ್ಟ್ 1870ರ ದಶಕದಲ್ಲಿ ಈ ಊರಿನಲ್ಲೇ ಪರೀಕ್ಷಿಸಿದರು. ಇಲ್ಲಿನ ಪಾರಂಪರಿಕ ಉಗಿ ರೈಲು ಬಹುತೇಕ ವಾರಾಂತ್ಯದಲ್ಲಿ ಮಾತ್ರ ಓಡುತ್ತದೆ, ಸಮಯ ಉಳಿದರೆ ಹತ್ತಿ.

ಬಿಗ್ ಪಿಟ್ ಕಲ್ಲಿದ್ದಲು ತೆಗೆಯುವುದನ್ನು ನಿಲ್ಲಿಸಿದ್ದು 1980ರಲ್ಲಿ, 1983ಕ್ಕೆ ಜನರಿಗೆ ತೆರೆಯಿತು. 2000ದಲ್ಲಿ ಇಡೀ ಪ್ರದೇಶ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಮಾತು, ಕೇಜ್, ದೀಪಗಳಿಗೆ ಇಂಥ ಗೌರವ ಸಿಗಬೇಕೆಂದು ನನ್ನ ಗಟ್ಟಿ ಆಸೆ.

ಬೇಸಿಗೆಯಲ್ಲೂ ದಪ್ಪ ಜಾಕೆಟ್ ಮತ್ತು ಹಿಡಿತವಿರುವ ಮುಚ್ಚಿದ ಶೂ ಬೇಕು. ಹಿಂದಿರುಗುವ ಬಸ್ಸಿನ ವೇಳೆಯನ್ನು, ಭಾನುವಾರವಾದರೆ ವಿಶೇಷವಾಗಿ, ಮೊದಲೇ ಬರೆದಿಟ್ಟುಕೊಳ್ಳಿ.