ಒದೆಯುವ .315ಕ್ಕೆ ಬೀಟೆಯ ಬಟ್: ಇಲ್ಲಿವರೆಗಿನ ಕೆಲಸ

ಕೋವಿ: ಇಶಾಪುರದ .315 ಸ್ಪೋರ್ಟಿಂಗ್ ರೈಫಲ್, ಲೀ ಎನ್‌ಫೀಲ್ಡ್ ಜಾತಿಯ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಬಂದ್ ಮಾಡುವ ಭಾಗ), ಎರಡು ತುಂಡಿನ ಸ್ಟಾಕ್, ಅಂದರೆ ಕೋವಿಯ ಮರ: ಹಿಂದೆ ಹೆಗಲಿಗೆ ಒರಗುವ ಬಟ್, ಮುಂದೆ ನಳಿಗೆ ಹೊರುವ ಮುಂಭಾಗ. ಖಾಲಿ ಕೋವಿಯ ತೂಕ, ಪಟ್ಟಿ ಬಿಟ್ಟು, 3.25 ಕೆ.ಜಿ. ಜಾಗ: ತೀರ್ಥಹಳ್ಳಿ ಕಡೆ. ಒದೆ ತಗ್ಗಿಸಲು ಹಳೆ ಮರ ತೆಗೆದು ಭಾರದ ಮರ ಹಾಕುವ ಕೆಲಸ ಶುರುವಾಗಿದ್ದು ಫೆಬ್ರವರಿಯಲ್ಲಿ. ಮಳೆ ಹಿಡಿಯುವುದರೊಳಗೆ ಮರಕ್ಕೆ ಅರಗು ಬೀಳಲೇಬೇಕು ಎಂಬುದೊಂದೇ ಗಡುವು.

ಮೊದಲು ಲೆಕ್ಕ

ಕೋವಿ ಭಾರವಾದರೆ ಒದೆ ಕಡಿಮೆ ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ಕಡಿಮೆ ಎಂದು ಕೂಡಿ ಕಳೆದು ನೋಡುವವರು ಕಡಿಮೆ. ಈ ತೋಟಾದ ಮೂಲ 8×50 ಆರ್ ಮ್ಯಾನ್‌ಲಿಕರ್. ಗುಂಡು 244 ಗ್ರೇನ್, ಅಂದರೆ 15.8 ಗ್ರಾಂ. ಲೆಕ್ಕಕ್ಕೆ ಗುಂಡಿನ ವೇಗ ಸೆಕೆಂಡಿಗೆ 600 ಮೀಟರ್, ಮದ್ದು 2.7 ಗ್ರಾಂ ಎಂದು ಹಿಡಿದಿದೆ. ಮದ್ದಿನ ಹೊಗೆಯೂ ತಳ್ಳುತ್ತದೆ. ಅದರ ವೇಗವನ್ನು ಗುಂಡಿನ 1.75 ಪಟ್ಟು ಎಂದು ತೆಗೆದುಕೊಳ್ಳುವುದು ರೂಢಿ. ಎರಡನ್ನೂ ಕೂಡಿದರೆ ಸಂವೇಗ 12.3 ಕೆ.ಜಿ.-ಮೀಟರ್ ಪ್ರತಿ ಸೆಕೆಂಡಿಗೆ. ಅದನ್ನು ಕೋವಿಯ ತೂಕದಿಂದ ಭಾಗಿಸಿದರೆ ಕೋವಿ ಹಿಂದಕ್ಕೆ ಬರುವ ವೇಗ ಸೆಕೆಂಡಿಗೆ 3.78 ಮೀಟರ್, ಶಕ್ತಿ 23.3 ಜೂಲ್.

ಇದೇ ಕೋವಿ 3.7 ಕೆ.ಜಿ. ಆದರೆ 20.4 ಜೂಲ್. ಸುಮಾರು ಅರ್ಧ ಕೆ.ಜಿ. ಹೊತ್ತು ಗುಡ್ಡ ಹತ್ತಿದ್ದಕ್ಕೆ ಸಿಗುವುದು ಎಂಟರಲ್ಲಿ ಒಂದು ಪಾಲಿನ ಇಳಿಕೆ, ಅಷ್ಟೇ. ಆದ್ದರಿಂದ ಮರವನ್ನಷ್ಟೇ ನಂಬದೆ ಬಟ್ಟಿನ ಆಕಾರ, ಪ್ಯಾಡು, ತೂಕ ಕೂರುವ ಜಾಗ, ಮೂರನ್ನೂ ಒಟ್ಟಿಗೆ ಬದಲಿಸುವುದೆಂದು ನಿಶ್ಚಯವಾಯಿತು.

ಮರ

ಹಳೆಯ ವಾಲ್‌ನಟ್ ಸ್ಟಾಕಿನ ಸಾಂದ್ರತೆ ಸಿ.ಸಿ.ಗೆ 0.64 ಗ್ರಾಂ. ಸಾಗುವಾನಿ ಹೆಚ್ಚುಕಮ್ಮಿ ಅಷ್ಟೇ ತೂಗುವುದರಿಂದ ಇಲ್ಲಿ ಪ್ರಯೋಜನವಿಲ್ಲ. ಮೇಲಾಗಿ ಅದರೊಳಗಿನ ಸಿಲಿಕಾ ಉಳಿಯ ಬಾಯಿ ತಿನ್ನುತ್ತದೆ. ಹಲಸು ಹಗುರ. ಮತ್ತಿ ತೂಕಕ್ಕೆ ಸೈ, ಆದರೆ ಒಣಗುವಾಗ ಸೀಳುವ ಮರ. ಹೊನ್ನೆ ನಿಜಕ್ಕೂ ಒಳ್ಳೆಯ ಆಯ್ಕೆಯಾಗುತ್ತಿತ್ತು, ಬೆವರು ತಾಗಿದರೆ ಬಣ್ಣ ಬಿಡುವ ಗುಣ ಇಲ್ಲದಿದ್ದರೆ. ಉಳಿದದ್ದು ಬೀಟೆ.

ಹಸಿ ಬೀಟೆಯ ಯೋಚನೆಯೇ ಬೇಡ. ಎರಡೂವರೆ ಇಂಚಿನ ಹಲಗೆ ನೆರಳಲ್ಲಿ ಒಣಗಲು ಎರಡು ವರ್ಷ ಬೇಕು, ಬಿಲ್ಲಿಲ್ಲದ ಬೀಟೆ ಮನೆಯಲ್ಲಿದ್ದರೆ ಅರಣ್ಯ ಇಲಾಖೆಗೆ ಉತ್ತರ ಕೊಡಬೇಕು. ಸಿಕ್ಕಿದ್ದು ಕೆಡವಿದ ಹಳೆ ತೊಟ್ಟಿಮನೆಯ ಬಾಗಿಲುವಾಡದ ಕಂಬ, 6 ಇಂಚು × 4 ಇಂಚು, ಕೊಂಡ ಚೀಟಿ ಸಮೇತ. ಹಳೆ ಮರದಲ್ಲಿ ಮೊಳೆ ಇದ್ದೇ ಇರುತ್ತದೆ. ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ನಾಲ್ಕೂ ಮೈಮೇಲೆ ಆಡಿಸಿದಾಗ ಮೂರು ಕಡೆ ಎಳೆಯಿತು. ಮೂರೂ ತಲೆ ಮುರಿದ ಮೊಳೆಗಳು. ಹಿತ್ತಾಳೆ ಮೊಳೆಯನ್ನು ಅಯಸ್ಕಾಂತ ತೋರಿಸುವುದಿಲ್ಲ, ಅದನ್ನು ಕಣ್ಣಲ್ಲೇ ಹುಡುಕಬೇಕು.

ಕೊಯ್ದ ತುಂಡು 400 × 130 × 50 ಮಿ.ಮೀ., ತೂಕ 2.24 ಕೆ.ಜಿ. ಸಾಂದ್ರತೆ 0.86 ಬಂತು. ಕೊಯ್ದ ಮೇಲೂ ಮೂರು ವಾರ ಅಟ್ಟದ ಮೇಲೆ ಇಟ್ಟು ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಕೊನೆಯ ಎರಡು ತೂಕದ ನಡುವೆ 2 ಗ್ರಾಮಿನಷ್ಟೂ ವ್ಯತ್ಯಾಸವಿಲ್ಲ ಎಂದಾದ ಮೇಲೇ ಗೆರೆ ಹಾಕಿದ್ದು. ಮರದ ಎಳೆ ಬಟ್ಟಿನ ಕತ್ತಿನ ಉದ್ದಕ್ಕೂ ನೇರ ಹರಿಯಬೇಕು. ಅಲ್ಲಿ ಎಳೆ ಓರೆಯಾಗಿ ಹೊರಬಿದ್ದರೆ ಎಷ್ಟೇ ಗಟ್ಟಿ ಮರವಾದರೂ ಒಂದು ದಿನ ಅಲ್ಲೇ ಸೀಳುತ್ತದೆ. ಬೀಟೆಯ ಪುಡಿ ಚರ್ಮಕ್ಕೂ ಶ್ವಾಸಕ್ಕೂ ಆಗದು, ಮುಖಕ್ಕೆ ಮಾಸ್ಕ್ ಇಲ್ಲದೆ ಸ್ಯಾಂಡರ್ ಮುಟ್ಟಬೇಡಿ.

ಬಿಚ್ಚುವಾಗ

ತೋಟಾ ಬೇರೆ ಕೋಣೆಯಲ್ಲಿ, ಬೋಲ್ಟ್ ಹೊರಗೆ, ನಳಿಗೆಯಲ್ಲಿ ತೋಟಾ ಕೂರುವ ಗೂಡು ಖಾಲಿ ಇದೆಯೇ ಎಂದು ಬೆರಳಿಟ್ಟು ನೋಡಿದ ಮೇಲೆ ಕೆಲಸ. ಕೋವಿಯನ್ನು ಬಡಗಿಯ ಅಂಗಡಿಯಲ್ಲಿ ಬಿಟ್ಟು ಬರುವ ಹಾಗಿಲ್ಲ. ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರು ಎದುರಿಗಿರಬೇಕು, ಲೋಹದ ಕೆಲಸ ಏನಿದ್ದರೂ ಪರವಾನಗಿ ಇರುವ ರಿಪೇರಿಯವರಲ್ಲೇ ಆಗಬೇಕು. ಮರ ಕೆತ್ತುವವರಿಗೆ ಹಳೆ ಸ್ಟಾಕನ್ನಷ್ಟೇ ಅಳತೆಗೆ ಕೊಟ್ಟರೆ ಮುಕ್ಕಾಲು ಕೆಲಸ ಮುಗಿಯುತ್ತದೆ.

ಬಟ್ಟನ್ನು ಹಿಡಿದಿರುವುದು ಒಳಗಿನ ಉದ್ದ ತಿರುಪಿನ ಬೋಲ್ಟು. ಹಿಂಬದಿಯ ತಗಡು ತೆಗೆದು ಉದ್ದ ಸ್ಕ್ರೂಡ್ರೈವರ್ ಇಳಿಸಿ ತಿರುಗಿಸಬೇಕು. ಅವಸರ ಮಾಡುವವರು ಎಡವುವುದು ಇಲ್ಲೇ. ಎನ್‌ಫೀಲ್ಡ್ ನಂ. 1 ಮಾದರಿಯಲ್ಲಿ ಈ ಬೋಲ್ಟಿನ ತುದಿ ಚೌಕ; ಅದು ಸಾಕೆಟ್ಟಿನಿಂದ (ಬಟ್ಟಿನ ಮುಂತುದಿ ಕೂರುವ ಲೋಹದ ಗೂಡು) ಮುಂದೆ ಚಾಚಿ, ಮುಂಭಾಗದ ಮರದಲ್ಲಿರುವ ಪುಟ್ಟ ಫಲಕದೊಳಗೆ ಕೂತಿರುತ್ತದೆ. ಮುಂಭಾಗದ ಮರ ಬಿಚ್ಚದೆ ಬೋಲ್ಟು ತಿರುಗಿಸಿದರೆ ಆ ಚೌಕವೇ ಮರವನ್ನು ಒಳಗಿನಿಂದ ಸೀಳುತ್ತದೆ. ನಿಮ್ಮ ಕೋವಿ ಯಾವ ಬಗೆಯದೆಂಬ ಅನುಮಾನವಿದ್ದರೆ ಮೊದಲು ಮುಂದಿನದ್ದು, ಆಮೇಲೆ ಹಿಂದಿನದ್ದು ಎಂದೇ ನಡೆಯಿರಿ.

ಕೂರಿಸುವ ಕೆಲಸ

ಇಡೀ ಯೋಜನೆಯಲ್ಲಿ ಸಮಯ ತಿಂದದ್ದು ಇದು. ಬಟ್ಟಿನ ಮುಂದಿನ ಮೊನಚು ಸಾಕೆಟ್ಟಿನೊಳಗೆ ಸುತ್ತಲೂ ಸಮನಾಗಿ ಒತ್ತಬೇಕು. ದೀಪದ ಕಾಡಿಗೆಯನ್ನು ಹರಳೆಣ್ಣೆಯಲ್ಲಿ ಕಲೆಸಿ ಸಾಕೆಟ್ಟಿನ ಒಳಗೆ ತೆಳುವಾಗಿ ಸವರಿ, ಮರ ತೂರಿಸಿ, ಹಿಂದಿನಿಂದ ಮರದ ಕೊಡತಿಯಲ್ಲಿ ಒಂದು ಪೆಟ್ಟು ಕೊಟ್ಟು ಹೊರತೆಗೆದರೆ ಎಲ್ಲಿ ಉಬ್ಬಿದೆಯೋ ಅಲ್ಲಿ ಕಪ್ಪು ಅಂಟಿರುತ್ತದೆ. ಅಷ್ಟನ್ನೇ ಕೆರೆದು ಮತ್ತೆ ತೂರಿಸುವುದು. ಸುಮಾರು ನಲವತ್ತು ಸಲ ಆಯಿತು. ಸಾಗರದ ಗುಡಿಗಾರರು ಗಂಧದ ಕೆತ್ತನೆಗೆ ಬಳಸುವಂಥ ಕಿರು ಉಳಿ ಇದಕ್ಕೆ ಹೇಳಿಮಾಡಿಸಿದ್ದು. ಪೇಟೆಯ ಅರ್ಧ ಇಂಚಿನ ಉಳಿ ಬೀಟೆಯನ್ನು ಚಕ್ಕೆ ಎಬ್ಬಿಸುತ್ತದೆ. ಸಾಕೆಟ್ಟಿನ ಅಂಚು ಮತ್ತು ಮರದ ಭುಜದ ನಡುವೆ ಅರ್ಧ ಮಿ.ಮೀ. ಸಂದು ಬಿಡಬೇಕು. ಬಿಡದಿದ್ದರೆ ಒದೆತವನ್ನು ಮೊನಚಿನ ಬದಲು ತೆಳು ಅಂಚು ಹೊತ್ತು, ಅಲ್ಲಿ ಚೂರು ಏಳುತ್ತದೆ.

ಮುಂಭಾಗದ ಮರವನ್ನೂ ಅದೇ ಕಂಬದಿಂದ ತೆಗೆದಿದೆ. ಅದರಲ್ಲಿ ಒದೆತ ತಡೆಯುವ ಎರಡು ಮುಖಗಳಿವೆ, ಎಡ ಮತ್ತು ಬಲ. ಎರಡೂ ಒಟ್ಟಿಗೆ ಲೋಹಕ್ಕೆ ತಾಗಬೇಕು. ಇಲ್ಲಿ ಬಲಗಡೆ ಕಾಗದದಷ್ಟು ಸಂದು ಉಳಿದಿತ್ತು. ಹಾಗೇ ಬಿಟ್ಟರೆ ಮರ ಸೀಳುವುದಕ್ಕೂ ಮೊದಲು ಗುಂಡು ಬೀಳುವ ಜಾಗ ಅಲೆಯಲು ಶುರುವಾಗುತ್ತದೆ. ಆ ಮುಖಗಳಿಗೆ ಎಪಾಕ್ಸಿ ತುಂಬಿ ಕೂರಿಸಿದೆ. ಬೀಟೆಯ ಮೈಯಲ್ಲಿ ಎಣ್ಣೆ ಇರುವುದರಿಂದ ಅಂಟು ಹಿಡಿಯುವುದಿಲ್ಲ. ಹಚ್ಚುವ ಮುಂಚೆ ಅಸಿಟೋನ್ ಅದ್ದಿದ ಬಟ್ಟೆಯಲ್ಲಿ, ಬಟ್ಟೆಗೆ ಬಣ್ಣ ಬರುವುದು ನಿಲ್ಲುವ ತನಕ ಒರೆಸಬೇಕು. ಲೋಹಕ್ಕೆ ಅಂಟದಿರಲು ಜೇನುಮೇಣ ಸಾಕು, ಆದರೆ ಸ್ಕ್ರೂ ತೂತುಗಳಿಗೂ ಮೇಣ ತುಂಬಿ. ಒಂದು ತೂತು ಮರೆತರೂ ಕೋವಿ ಮರ ಒಂದಾಗಿಬಿಡುತ್ತವೆ.

ಪ್ಯಾಡು, ಮತ್ತು ನೆಲಕ್ಕೆ ಬಿದ್ದ ಬೀಟೆ

ಹಳೆಯ ಉಕ್ಕಿನ ತಗಡು ಹೆಗಲಿಗೆ ತಾಗುತ್ತಿದ್ದದ್ದು ಸುಮಾರು 36 ಚದರ ಸೆಂ.ಮೀ. ಹೊಸ ರಬ್ಬರ್ ಪ್ಯಾಡು 25 ಮಿ.ಮೀ. ದಪ್ಪ, ತಾಗುವ ಜಾಗ 50 ಚದರ ಸೆಂ.ಮೀ. ಅದೇ ಒದೆತ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ, ರಬ್ಬರ್ ಕುಗ್ಗುವಷ್ಟು ಹೊತ್ತಿನ ಮೇಲೂ ಹರಡಿ ಬರುತ್ತದೆ. ಹೆಗಲಿಗೆ ಗೊತ್ತಾಗುವ ವ್ಯತ್ಯಾಸ ಮರದ ತೂಕಕ್ಕಿಂತ ಇದರಿಂದಲೇ ಹೆಚ್ಚು.

ಟ್ರಿಗರಿನಿಂದ ಬಟ್ಟಿನ ತುದಿಗೆ 345 ಮಿ.ಮೀ. ಹಾಗೇ ಉಳಿಯಬೇಕೆಂದು ಮರವನ್ನು ಹಿಂದಿನಿಂದ 20 ಮಿ.ಮೀ. ಕತ್ತರಿಸಬೇಕಾಯಿತು. ಆ ಬಿಲ್ಲೆ ತೂಗಿದರೆ 74 ಗ್ರಾಂ! ಭಾರ ಸೇರಿಸಲು ಹೊರಟು ಅತಿ ದಪ್ಪ ತುದಿಯನ್ನೇ ಕತ್ತರಿಸಿ ಎಸೆದಂತಾಯಿತು. ಪ್ಯಾಡು ಹಾಕುವವರು ಈ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕೆನ್ನೆ ಒರಗುವ ಏಣನ್ನು ಬಟ್ಟಿನ ಹಿಂತುದಿಯ ಕಡೆ ಹೆಚ್ಚು ಇಳಿಸದೆ ನೇರ ಇಟ್ಟಿದೆ. ಬಟ್ಟು ಕೆಳಗೆ ಬಾಗಿದಷ್ಟೂ ನಳಿಗೆಯ ಬಾಯಿ ಮೇಲೆದ್ದು, ಬಟ್ಟು ಕೆನ್ನೆಗೆ ಹೊಡೆಯುತ್ತದೆ.

ಸೀಸ ಎಲ್ಲಿ

ಮೊದಲು ಸೀಸದ ತಗಡನ್ನು ಟೇಪಿನಲ್ಲಿ ಸುತ್ತಿ ಪರೀಕ್ಷೆ. 100 ಗ್ರಾಂ ಬಟ್ಟಿನಲ್ಲಿಟ್ಟಾಗ ಕೋವಿ ಸಮತೂಗುವ ಬಿಂದು ಸಾಕಷ್ಟು ಹಿಂದೆ ಸರಿಯಿತು, ಬಾಯಿ ಹಗುರಾಗಿ ಗುರಿ ನಿಲ್ಲುವುದಿಲ್ಲ, ಒದೆತಕ್ಕೆ ಬಾಯಿ ಹಾರುವುದೂ ಜಾಸ್ತಿ. ಅದೇ 100 ಗ್ರಾಂ ಮುಂಭಾಗಕ್ಕೆ ಕಟ್ಟಿದಾಗ ಸರಿದದ್ದು ಬರೀ 3 ಮಿ.ಮೀ. ಹಾಗಾಗಿ ನಳಿಗೆ ಕೂರುವ ತೋಡಿನ ತಳದಲ್ಲಿ 8 ಮಿ.ಮೀ. ಅಗಲ, 9 ಆಳ, 80 ಉದ್ದದ ಎರಡು ಗಾಡಿ (ಕಿರು ತೋಡು) ಕೊರೆದು, ಮಡಚಿದ ತಗಡು 108 ಗ್ರಾಂ ಎಪಾಕ್ಸಿಯಲ್ಲಿ ಕೂರಿಸಿದೆ. ಹೋದ ಮರ 10 ಗ್ರಾಂ. ಸೀಸ ನಳಿಗೆಗೆ ತಾಗಬಾರದು, ಅದಕ್ಕೇ ಒಂದು ಮಿ.ಮೀ. ತಗ್ಗು. ಸೀಸ ಕರಗಿಸಿ ಮರಕ್ಕೆ ಹೊಯ್ಯುವ ಸಾಹಸ ಬೇಡ: ಮರ ಸುಡುತ್ತದೆ, ಹೊಗೆ ವಿಷ, ಒಂದು ಹನಿ ನೀರಿದ್ದರೂ ಸಿಡಿಯುತ್ತದೆ.

ಈಗಿನ ಲೆಕ್ಕ: ಬಟ್ಟು 640ರಿಂದ 780 ಗ್ರಾಂ, ಮುಂಭಾಗ 260ರಿಂದ 345, ಪ್ಯಾಡಿನಿಂದ 55 ಹೆಚ್ಚು, ಸೀಸದಿಂದ 100. ಕೋವಿ 3.63 ಕೆ.ಜಿ. ಶಕ್ತಿ 20.8 ಜೂಲ್, ಸುಮಾರು ಶೇ. 11 ಇಳಿಕೆ. 3.7 ಮುಟ್ಟಲಿಲ್ಲ, ಇನ್ನು 70 ಗ್ರಾಂ ಬೇಕೆಂದು ಬಟ್ಟಿಗೆ ಸೀಸ ಸುರಿಯುವುದು ಬೇಡ ಎಂದು ಬಿಟ್ಟಿದೆ.

ಅರಗು, ಎಣ್ಣೆ

ಬೀಟೆಗೆ ನೇರವಾಗಿ ಅಗಸೆ ಎಣ್ಣೆ ಹಚ್ಚಬೇಡಿ. ಮರದೊಳಗಿನ ಎಣ್ಣೆ ಅದನ್ನು ಒಣಗಲು ಬಿಡುವುದಿಲ್ಲ, ವಾರವಾದರೂ ಕೈಗೆ ಜಿಗುಟು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಎರಡು ತೆಳು ಕೈ, ಅದರ ಮೇಲೆ ಎಣ್ಣೆ. ಹೊರಮೈ ಮಿಂಚಿಸಿ ಒಳಗನ್ನು ಮರೆಯುವುದೇ ನಮ್ಮ ಮಲೆನಾಡಿನಲ್ಲಿ ಸ್ಟಾಕ್ ಕೆಡಲು ಕಾರಣ: ಆಗುಂಬೆಯ ಕಡೆಯ ಜುಲೈ ತೇವದಲ್ಲಿ ಬೇಸಿಗೆಯ ದುಪ್ಪಟ್ಟು ನೀರು ಹೀರುವ ಮರ ಬೋಲ್ಟಿನ ತೂತಿನಿಂದಲೂ, ಪ್ಯಾಡಿನ ಹಿಂದಿನ ಕೊಯ್ದ ಮುಖದಿಂದಲೂ ಕುಡಿಯುತ್ತದೆ. ಆ ಎರಡಕ್ಕೂ ನಳಿಗೆಯ ತೋಡಿಗೂ ಮೂರು ಕೈ ಅರಗು ಬಿದ್ದಿದೆ. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ ಅಥವಾ ನೀರಲ್ಲಿ ಮುಳುಗಿಸಿ.

ಬಾಕಿ ಇರುವುದು: ಎಣ್ಣೆ ಇನ್ನೆರಡು ಕೈ. ಆಮೇಲೆ ಅನುಮತಿ ಇರುವ ರೇಂಜಿನಲ್ಲಿ 20 ತೋಟಾ, ತೋಟದಲ್ಲಲ್ಲ. ಹತ್ತು ಆದ ಮೇಲೆ ಮುಂಭಾಗ ಬಿಚ್ಚಿ ಬಟ್ಟಿನ ಬೋಲ್ಟು ಎಷ್ಟು ಸಡಿಲಾಗಿದೆ, ಕಾಡಿಗೆಯ ಗುರುತು ಎರಡೂ ಮುಖದಲ್ಲಿ ಸಮ ಇದೆಯೇ ಎಂದು ನೋಡಬೇಕು. ಕಾಲು ಸುತ್ತಿಗಿಂತ ಹೆಚ್ಚು ಸಡಿಲಾಗಿದ್ದರೆ ಮೊನಚು ಇನ್ನೂ ಪೂರ್ತಿ ಕೂತಿಲ್ಲವೆಂದೇ ಅರ್ಥ, ಮತ್ತೆ ಉಳಿ ಹಿಡಿಯಬೇಕು.