ಹೆಬ್ಬೆರಳಿಗೆ ಸಿಕ್ಕ ಮೂರು ಉಬ್ಬು

ಇವತ್ತು ಬೆಳಗ್ಗೆ ಮೆಲ್ಬರ್ನ್‌ನ ಕ್ವೀನ್ ವಿಕ್ಟೋರಿಯಾ ಮಾರ್ಕೆಟ್‌ನಲ್ಲಿ ಬದನೆಕಾಯಿ ಆರಿಸುತ್ತಿದ್ದೆ.

ಪಕ್ಕದಲ್ಲಿ ಬಿಳಿ ಕೋಲು ಹಿಡಿದ ಅಜ್ಜ ಒಬ್ಬರು. ಜೇಬಿನಿಂದ ನೋಟು ತೆಗೆದರು. ಉದ್ದನೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಒಂದು, ಎರಡು, ಮೂರು. "ಇಪ್ಪತ್ತು" ಎಂದು ಕೊಟ್ಟರು.

ನಾನು ಬದನೆಕಾಯಿ ಮರೆತು ಆ ಬೆರಳನ್ನೇ ನೋಡುತ್ತಾ ನಿಂತೆ.

ಆಸ್ಟ್ರೇಲಿಯಾದ ಮೊದಲ ಪಾಲಿಮರ್ ನೋಟು, ಅಂದರೆ ಪ್ಲಾಸ್ಟಿಕ್ ನೋಟು, ಬಂದಿದ್ದು 1988ರಲ್ಲಿ, ಹತ್ತು ಡಾಲರಿನದು. 1996ಕ್ಕೆ ಎಲ್ಲ ನೋಟುಗಳೂ ಪಾಲಿಮರ್ ಆದವು. ಖೋಟಾನೋಟು ತಡೆಯಬೇಕಿತ್ತು, ಅದಕ್ಕೆ. ಆದರೆ ಅಜ್ಜನ ಬೆರಳು ಎಣಿಸಿದ ಈ ಪುಟ್ಟ ಉಬ್ಬು ಬಂದಿದ್ದು 2016ರಲ್ಲಿ! ಅದೂ ಸುಮ್ನೆ ಬರಲಿಲ್ಲ. ಕ್ರಿಸ್‌ಮಸ್‌ಗೆ ಸಿಕ್ಕ ದುಡ್ಡು ಎಷ್ಟು ಅಂತ ತಿಳಿಯದ, ಕಣ್ಣು ಕಾಣದ ಒಬ್ಬ ಹುಡುಗ ಅದಕ್ಕಾಗಿ ಹೋರಾಡಿದ್ದ. ಈಗ ಐದಕ್ಕೆ ಒಂದು ಉಬ್ಬು, ಹತ್ತಕ್ಕೆ ಎರಡು, ಹೀಗೆ ನೂರಕ್ಕೆ ಐದು.

(ನಮ್ಮ ಮೈಸೂರಿನಲ್ಲೂ ಹತ್ತು ರೂಪಾಯಿಯ ಪ್ಲಾಸ್ಟಿಕ್ ನೋಟು ಪ್ರಯೋಗ ಮಾಡುತ್ತೇವೆ ಎಂದು 2014ರಲ್ಲಿ ಸರ್ಕಾರ ಹೇಳಿತ್ತು, ನೆನಪಿದೆಯಾ?)

ನನಗೆ ಅಜ್ಜಿ ನೆನಪಾದಳು. ಕಣ್ಣಿಗೆ ಪೊರೆ ಬಂದಿತ್ತು. ಸೆರಗಿನ ಗಂಟು ಬಿಚ್ಚಿ, ಮೆತ್ತಗಾದ ನೋಟನ್ನು ಬಸ್ ಕಂಡಕ್ಟರ್ ಮುಂದೆ ಹಿಡಿದು "ಇದು ಎಷ್ಟರದ್ದು ಮಗಾ?" ಎನ್ನುತ್ತಿದ್ದಳು. ಪ್ರತಿ ಸಲವೂ ಯಾರನ್ನೋ ನಂಬಬೇಕಿತ್ತು, ಅಲ್ವಾ?

ಮನೆಗೆ ಬಂದು ಕಣ್ಣು ಮುಚ್ಚಿ ಪರ್ಸಿನ ನೋಟುಗಳನ್ನು ಸವರಿದೆ. ಇಪ್ಪತ್ತು ಸಿಕ್ಕಿತು. ಹತ್ತೂ ಸಿಕ್ಕಿತು. ಇನ್ನೊಂದರ ಅಂಚು ಪೂರ್ತಿ ನುಣ್ಣಗಿತ್ತು.

ಕಣ್ಣು ಬಿಟ್ಟೆ. ಹಳೆಯ ಐವತ್ತು.