ಮೊಣಕೈ ನೋವಿಗೆ ಬಟ್ಟಲು ಹಚ್ಚಿಸಿಕೊಂಡ ದಿನ

ನವರಾತ್ರಿಗೆ ಮುಂಚಿನ ತಿಂಗಳಲ್ಲಿ ಮುಂಬಯಿಯ ರವಿಕೆ ಹೊಲಿಯುವವರಿಗೆ ಬಿಡುವೆಂಬುದೇ ಇರುವುದಿಲ್ಲ. ಒಂಬತ್ತು ದಿನಕ್ಕೆ ಒಂಬತ್ತು ಬಣ್ಣದ ಸೀರೆಯುಟ್ಟು ಕೆಲಸಕ್ಕೆ ಹೋಗುವ ಪದ್ಧತಿ ಇಲ್ಲಿ ಎಷ್ಟು ಬೇರೂರಿದೆಯೆಂದರೆ, ಬೆಳಗಿನ ಲೋಕಲ್ ಗಾಡಿಯ ಮಹಿಳಾ ಡಬ್ಬಿಯಲ್ಲಿ ಆ ದಿನದ ಬಣ್ಣವನ್ನು ಬಿಟ್ಟು ಬೇರೆ ಬಣ್ಣ ಕಾಣುವುದೇ ಅಪರೂಪ. ಡೊಂಬಿವಲಿ ಪೂರ್ವದಲ್ಲಿರುವ ನನ್ನ ಚಿಕ್ಕ ಅಂಗಡಿಯಲ್ಲಿ ಹೊಲಿಗೆಯನ್ನು ನಾನೂ ನನ್ನ ಸಹಾಯಕಿಯೂ ಹಂಚಿಕೊಳ್ಳುತ್ತೇವಾದರೂ ಕತ್ತರಿಸುವ ಕೆಲಸ ಪೂರ್ತಿ ನನ್ನದು. ಮೇಲ್ಬಟ್ಟೆಯನ್ನೂ ಅಸ್ತರನ್ನೂ ಮಡಿಸಿ, ನಾಲ್ಕು ಪದರವನ್ನು ಒಟ್ಟಿಗೆ ಉಕ್ಕಿನ ದೊಡ್ಡ ಕತ್ತರಿಯಿಂದ ಕತ್ತರಿಸುವಾಗ ಕೈಬೆರಳುಗಳಿಗಿಂತ ಹೆಚ್ಚಾಗಿ ಮುಂಗೈ ದುಡಿಯುತ್ತದೆ. ಕಳೆದ ವರ್ಷ ಇಂಥ ಕೆಲಸದ ನಡುವೆಯೇ ನನ್ನ ಬಲ ಮೊಣಕೈಯ ಹೊರಬದಿಯ ಗಂಟಿನಲ್ಲಿ ನೋವು ಕಾಣಿಸಿಕೊಂಡಿತು. ಮೊದಲು ಇಸ್ತ್ರಿ ಪೆಟ್ಟಿಗೆ ಎತ್ತುವಾಗ ಮಾತ್ರ ಚುಚ್ಚುತ್ತಿದ್ದುದು, ಕ್ರಮೇಣ ಒದ್ದೆ ಬಟ್ಟೆ ಹಿಂಡುವಾಗ, ಬಾಗಿಲಿನ ಚಿಲಕ ತಿರುಗಿಸುವಾಗ, ಕೊನೆಗೆ ಚಹಾದ ಲೋಟ ಹಿಡಿದಾಗಲೂ ಬರತೊಡಗಿತು.

ಮೂಳೆ ವೈದ್ಯರು ಗಂಟನ್ನು ಒತ್ತಿ ನೋಡಿ, ಕೈಯನ್ನು ನೇರವಾಗಿ ಚಾಚಿಸಿ, ತಾವು ಅದುಮಿ ಹಿಡಿದಿದ್ದ ನಡುಬೆರಳನ್ನು ಮೇಲೆತ್ತುವಂತೆ ಹೇಳಿದರು. ಎತ್ತಲು ಹೋದೊಡನೆ ನೋವು ಮೊಣಕೈಯಿಂದ ಮುಂಗೈಯುದ್ದಕ್ಕೂ ಹರಿಯಿತು. ಇದು ಟೆನಿಸ್ ಎಲ್ಬೋ ಎಂದು ಅವರು ತಿಳಿಸಿದರು. ಮಣಿಕಟ್ಟನ್ನೂ ಬೆರಳುಗಳನ್ನೂ ಹಿಂದಕ್ಕೆ ಎತ್ತುವ ಸ್ನಾಯುಗಳು ಒಂದು ರಜ್ಜುವಿನ ಮೂಲಕ ಈ ಗಂಟಿಗೆ ಅಂಟಿಕೊಂಡಿರುತ್ತವೆ. ನಾವು ಏನನ್ನೇ ಬಿಗಿಯಾಗಿ ಹಿಡಿದರೂ ಮಣಿಕಟ್ಟು ಕುಸಿಯದಂತೆ ಕಾಯುವುದು ಅವೇ ಆದ್ದರಿಂದ, ಕತ್ತರಿಯ ಒಂದೊಂದು ಹಿಡಿತದ ಭಾರವೂ ಆ ರಜ್ಜುವಿನ ಮೇಲೆ ಬೀಳುತ್ತದೆ. ಅಲ್ಲಿ ಬಾವು ಬಂದಿದೆಯೆಂದೇ ಬಹುಕಾಲ ನಂಬಲಾಗಿತ್ತು. ಆದರೆ ಅಮೆರಿಕದ ರಾಬರ್ಟ್ ನಿರ್ಷಲ್ ಮತ್ತು ಫ್ರಾಂಕ್ ಪೆಟ್ರೋನ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ರಜ್ಜುಗಳನ್ನು ಪರೀಕ್ಷಿಸಿ, 1979ರಲ್ಲಿ, ಅವುಗಳ ಎಳೆಗಳು ಕ್ರಮ ತಪ್ಪಿ ಸವೆದಿರುವುದನ್ನು ತೋರಿಸಿಕೊಟ್ಟರು. ಸವೆದದ್ದು ಮತ್ತೆ ಗಟ್ಟಿಯಾಗಬೇಕಾದರೆ ತಿಂಗಳುಗಳೇ ಬೇಕಾಗುತ್ತವೆ.

ವೈದ್ಯರು ಸ್ಟೆರಾಯ್ಡ್ ಚುಚ್ಚುಮದ್ದಿನ ಸಾಧ್ಯತೆಯನ್ನೂ ಮುಂದಿಟ್ಟು, ಯೋಚಿಸಿ ಬರಲು ಹೇಳಿದರು. ಮನೆಯಲ್ಲಿ ಮಗಳು ಅದರ ಬಗ್ಗೆ ಹುಡುಕಿ ಓದಿ ಹೇಳಿದಳು. ಆಸ್ಟ್ರೇಲಿಯಾದಲ್ಲಿ 165 ಮಂದಿ ಟೆನಿಸ್ ಎಲ್ಬೋ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಟೆರಾಯ್ಡ್ ಪಡೆದವರಲ್ಲಿ ಶೇಕಡ 54 ಮಂದಿಗೆ ವರ್ಷದೊಳಗೆ ನೋವು ಮರುಕಳಿಸಿತ್ತು. ಔಷಧವಿಲ್ಲದ ಚುಚ್ಚುಮದ್ದು ಪಡೆದವರಲ್ಲಿ ಹಾಗಾದದ್ದು ಶೇಕಡ 12 ಮಂದಿಗೆ ಮಾತ್ರ. ಕೆಲವು ವಾರಗಳ ನೆಮ್ಮದಿಗೆ ಮುಂದಿನ ವರ್ಷದ ಹಂಗಾಮನ್ನು ಒತ್ತೆಯಿಡಲು ನನಗೆ ಮನಸ್ಸು ಬರಲಿಲ್ಲ.

ಕಪ್ಪಿಂಗ್‌ನ ಮಾತು, ಎಂದರೆ ಚರ್ಮದ ಮೇಲೆ ಬಟ್ಟಲು ಹಚ್ಚಿ ಒಳಗಿನ ಗಾಳಿಯ ಎಳೆತದಿಂದ ನೋವು ತಗ್ಗಿಸುವ ಚಿಕಿತ್ಸೆಯ ಮಾತು, ತೆಗೆದವಳು ನನ್ನ ಸಹಾಯಕಿ. ಅವಳು ಇಂಡಿ ತಾಲೂಕಿನವಳು. "ಅಕ್ಕಾರ, ನಮ್ಮೂರಾಗ ಬಟ್ಟಿ ಜಾರಿದ್ರ ಹೊಕ್ಕಳದ ಮ್ಯಾಲ ದೀಪಾ ಇಟ್ಟು ತಂಬಿಗಿ ಬೋರಲ ಹಾಕತಾರಲ್ರೀ, ಹಂಗ ಕೈಗೂ ಹಾಕತಾರಂತ. ಕುರ್ಲಾದಾಗ ನಮ್ಮ ಬಿಜಾಪುರದ ಡಾಕ್ಟರ್ ಬಾಯಿ ಒಬ್ಬರು ಅದಾರ್ರಿ" ಎಂದಳು. ಬಟ್ಟಿ ಜಾರುವುದೆಂದರೆ ಹೊಕ್ಕುಳು ಸರಿದು ಹೊಟ್ಟೆ ನೋಯುವುದೆಂದು ಜನ ನಂಬುತ್ತಾರೆ; ಗದಗಿನ ನನ್ನ ತವರಿನಲ್ಲಿ ಅಜ್ಜಿ ಹೀಗೆ ತಂಬಿಗೆ ಹಚ್ಚುವುದನ್ನು ನಾನು ಕಂಡಿದ್ದೆ. ಉರಿ ಆರಿ ಒಳಗಿನ ಬಿಸಿಗಾಳಿ ತಣಿದಂತೆ ಒತ್ತಡ ಇಳಿದು, ತಂಬಿಗೆ ಹೊಟ್ಟೆಯ ಚರ್ಮವನ್ನು ಒಳಕ್ಕೆ ಎಳೆದುಕೊಂಡು ಗಟ್ಟಿಯಾಗಿ ಕೂರುತ್ತಿತ್ತು. ಕೊಂಬು, ಸೋರೆಬುರುಡೆಗಳಿಂದ ಹೀರಿ ರಕ್ತ ತೆಗೆಯುವ ವಿಧಾನವನ್ನು ಸುಶ್ರುತ ಸಂಹಿತೆ ಶೃಂಗ, ಅಲಾಬು ಎಂಬ ಹೆಸರುಗಳಲ್ಲಿ ವಿವರಿಸುತ್ತದೆ. ಯುನಾನಿ ವೈದ್ಯರು ಇದನ್ನು ಹಿಜಾಮಾ ಎನ್ನುತ್ತಾರೆ. ಇಷ್ಟು ಕಾಲದಿಂದ, ಇಷ್ಟು ನಾಡುಗಳಲ್ಲಿ ಜನ ಇಟ್ಟುಕೊಂಡು ಬಂದದ್ದನ್ನು ಒಮ್ಮೆ ಗೌರವದಿಂದ ಪರೀಕ್ಷಿಸಿ ನೋಡುವುದರಲ್ಲಿ ತಪ್ಪಿಲ್ಲವೆಂದು ನನಗೆ ತೋರಿತು.

ಮಂಗಳವಾರ ಮಧ್ಯಾಹ್ನ, ಗಾಡಿಗಳಲ್ಲಿ ನೂಕುನುಗ್ಗಲು ಕಡಿಮೆಯಿರುವ ಹೊತ್ತು ನೋಡಿ ಕುರ್ಲಾಕ್ಕೆ ಹೋದೆವು. ಯುನಾನಿ ಪದವೀಧರೆಯಾದ ಆ ವೈದ್ಯೆ ನನ್ನ ಕೈ ಮುಟ್ಟುವುದಕ್ಕೂ ಮೊದಲು ಪ್ರಶ್ನೆಗಳನ್ನು ಕೇಳಿದರು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಾ, ಸಕ್ಕರೆ ಕಾಯಿಲೆ ಇದೆಯೇ, ಗಾಯವಾದರೆ ರಕ್ತ ಬೇಗ ನಿಲ್ಲುತ್ತದೆಯೇ, ಚರ್ಮದಲ್ಲಿ ಇಸುಬು, ಹುಣ್ಣು ಏನಾದರೂ ಇವೆಯೇ ಎಂದು ಒಂದೊಂದಾಗಿ ಬರೆದುಕೊಂಡರು. ರಕ್ತ ತೆಗೆಯುವ ಹಸಿ ಕಪ್ಪಿಂಗ್ ನನ್ನ ನೋವಿಗೆ ಬೇಕಿಲ್ಲ, ಬರಿಯ ಬಟ್ಟಲು ಸಾಕು ಎಂದು ಅವರು ಮೊದಲೇ ಸ್ಪಷ್ಟಪಡಿಸಿದ್ದರಿಂದ ನನ್ನ ಅಳುಕು ಅರ್ಧದಷ್ಟು ಇಳಿಯಿತು.

ಅನಂತರ ಅವರು ಮಾಡಿದ ಪರೀಕ್ಷೆ ನನಗೆ ಬಹಳ ಹಿಡಿಸಿತು. ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ಸುರುಳಿ ಸುತ್ತಿ, ಸ್ವಲ್ಪ ಗಾಳಿ ತುಂಬಿ, ನನ್ನ ಅಂಗೈಯಲ್ಲಿಟ್ಟು ನಿಧಾನವಾಗಿ ಹಿಸುಕಲು ಹೇಳಿದರು. ನೋವು ಶುರುವಾಗುವ ಕ್ಷಣದಲ್ಲಿಯೇ ನಿಲ್ಲಿಸಬೇಕು. ಮುಳ್ಳು ಅಲ್ಲಿಯವರೆಗೆ ಎಷ್ಟು ಏರಿತೆಂಬುದೇ ಲೆಕ್ಕ. ಎಡಗೈಯಲ್ಲಿ ಸರಾಗವಾಗಿ ಮೇಲೇರಿದ ಮುಳ್ಳು ಬಲಗೈಯಲ್ಲಿ ಸ್ವಲ್ಪ ಅಲುಗಿ ನಿಂತುಬಿಟ್ಟಿತು. ನೋವನ್ನು ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿದ್ದ ನನಗೆ ಅದು ಕಣ್ಣಿಗೆ ಕಂಡದ್ದೇ ಒಂದು ಸಮಾಧಾನವಾಯಿತು.

ಗಂಟಿನ ಮೇಲೆಯೇ ಬಟ್ಟಲು ಇಡುತ್ತಾರೆಂದು ನಾನು ಭಾವಿಸಿದ್ದೆ. ಅಲ್ಲಿ ಮಾಂಸವಿಲ್ಲದೆ ಬರಿಯ ಮೂಳೆಯಿರುವುದರಿಂದ ಬಟ್ಟಲಿನ ಅಂಚು ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಗಂಟಿನ ಕೆಳಗೆ ಮುಂಗೈಯ ಉಬ್ಬಿದ ಸ್ನಾಯುವಿನ ಮೇಲೆ ಎರಡು ಸಣ್ಣ ಬಟ್ಟಲುಗಳನ್ನೂ ತೋಳಿನ ಹಿಂಬದಿಯಲ್ಲಿ ಒಂದನ್ನೂ ಇಟ್ಟರು. ಈಗಿನವು ಪಾರದರ್ಶಕ ಪ್ಲಾಸ್ಟಿಕ್ಕಿನ ಬಟ್ಟಲುಗಳು. ಮೇಲ್ಗಡೆಯ ತೂತಿಗೆ ಕೈಪಂಪು ಜೋಡಿಸಿ ಎರಡು ಸಲ ಎಳೆದರೆ ಒಳಗಿನ ಗಾಳಿ ಹೊರಬಂದು, ಚರ್ಮ ಗುಮ್ಮಟದಂತೆ ಮೇಲೇಳುತ್ತದೆ. ಮೊದಲ ನಿಮಿಷ ಯಾರೋ ಬಲವಾಗಿ ಚಿವುಟಿ ಹಿಡಿದಂತಿತ್ತು. ಆಮೇಲೆ ಆ ಬಿಗಿತ ಬಿಸಿಯಾಗಿ ಹರಡಿತು. ಎಣ್ಣೆ ತಿಕ್ಕಿಸಿಕೊಳ್ಳುವಾಗ ಸ್ನಾಯು ಒತ್ತಿಹೋಗುತ್ತದೆ. ಇಲ್ಲಿ ಅದು ಮೇಲಕ್ಕೆ ಬಿಡಿಸಿಕೊಂಡು ಬರುತ್ತಿತ್ತು. ವೈದ್ಯೆ ಗಡಿಯಾರದಿಂದ ಕಣ್ಣು ತೆಗೆಯದೆ ಐದು ನಿಮಿಷಕ್ಕೆ ಬಟ್ಟಲುಗಳನ್ನು ಬಿಡಿಸಿದರು. ಬಳಿಕ ಆಲಿವ್ ಎಣ್ಣೆ ಸವರಿ, ಒಂದೇ ಬಟ್ಟಲನ್ನು ಹಗುರವಾಗಿ ಹಚ್ಚಿ, ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ಮೆಲ್ಲಗೆ ಜಾರಿಸಿದರು. ನಡುಮುಂಗೈಯ ಒಂದು ಕಡೆ ಬಟ್ಟಲು ತಡೆದಂತಾಗಿ, ನಾನು ಉಸಿರು ಬಿಗಿಹಿಡಿದೆ. ಅಲ್ಲೇ ಸ್ವಲ್ಪ ನಿಂತು ಮುಂದೆ ಸಾಗಿದರು.

ಮತ್ತೆ ಪಟ್ಟಿಯನ್ನು ಹಿಸುಕಿದಾಗ ಮುಳ್ಳು ಮೊದಲಿಗಿಂತ ಎದ್ದುಕಾಣುವಷ್ಟು ಮೇಲೇರಿತು. ನನ್ನ ಕಣ್ಣು ತುಂಬಿಬಂತು. ಕೈ ಬಿದ್ದುಹೋದರೆ ಅಂಗಡಿಯ ಗತಿಯೇನೆಂಬ ಭಯವನ್ನು ಅಲ್ಲಿಯವರೆಗೂ ನಾನು ಯಾರ ಮುಂದೆಯೂ ಆಡಿರಲಿಲ್ಲ.

ಮುಂಗೈಯ ಮೇಲೆ ನೇರಳೆ ಬಣ್ಣದ ಉಂಗುರಗಳು ಮೂಡಿದ್ದವು. "ಕೆಟ್ಟ ರಕ್ತ ಮ್ಯಾಲ ಬಂತೇನ್ರಿ?" ಎಂದು ನನ್ನ ಸಹಾಯಕಿ ಕೇಳಿದಳು. ಎಳೆತಕ್ಕೆ ಚರ್ಮದೊಳಗಿನ ಕೂದಲಿನಂಥ ರಕ್ತನಾಳಗಳು ಒಡೆದು ಅಲ್ಲಿಯೇ ರಕ್ತ ಇಳಿದಿದೆ, ಪೆಟ್ಟು ಬಿದ್ದಾಗ ಕಪ್ಪಾಗುವುದೂ ಹೀಗೆಯೇ, ವಾರದಲ್ಲಿ ಮಾಯುತ್ತದೆ ಎಂದು ವೈದ್ಯೆ ಬಿಡಿಸಿ ಹೇಳಿದರು. ನೋವು ತಗ್ಗಿದ್ದು ಹೇಗೆ ಎಂಬುದಕ್ಕೆ ಅವರು ಕೊಟ್ಟ ವಿವರಣೆ ನನಗೆ ಒಪ್ಪಿಗೆಯಾಯಿತು. ಚರ್ಮದಿಂದ ಬರುವ ಎಳೆತ, ಸ್ಪರ್ಶಗಳ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಅಡ್ಡ ನಿಲ್ಲಬಲ್ಲದೆಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರತಿಪಾದಿಸಿದರು. ತಾಗಿದ ಜಾಗವನ್ನು ಉಜ್ಜಿಕೊಂಡರೆ ನೋವು ಇಳಿಯುವುದೂ ಇದರಿಂದಲೇ. ಕಪ್ಪಿಂಗ್ ಮೇಲೆ ನಡೆದಿರುವ ಪ್ರಯೋಗಗಳು ಹೆಚ್ಚಿನಂಶ ಚಿಕ್ಕವು. ಹುಸಿ ಬಟ್ಟಲು ಹಚ್ಚಿ ರೋಗಿಗೆ ತಿಳಿಯದಂತೆ ಹೋಲಿಸಿ ನೋಡುವುದೂ ಕಷ್ಟ. ಆ ವೈದ್ಯೆ ಇದನ್ನು ಮುಚ್ಚಿಡಲಿಲ್ಲ ಎಂಬುದಕ್ಕೇ ನನಗೆ ಅವರ ಮೇಲೆ ವಿಶ್ವಾಸ ಬೆಳೆಯಿತು.

ಹೊರಡುವಾಗ ಅವರು ಹೇಳಿದ ಮಾತು ಹೀಗಿತ್ತು: "ಅಕ್ಕಾರ, ಇನ್ನ ಎರಡ್ಮೂರು ದಿನಾ ನೋವು ಕಮ್ಮಿ ಇರ್ತದ. ಹಗುರಾತಂತ ಹೆಚ್ಚಿಗಿ ಬಟ್ಟಿ ಕತ್ತರಸಾಕ ಹೋಗಬ್ಯಾಡ್ರಿ. ಅಷ್ಟರಾಗ ವ್ಯಾಯಾಮ ಹಿಡೀರಿ. ಬಟ್ಟಲಾ ನೋವು ಇಳಸ್ತದ, ನರಾ ಗಟ್ಟಿ ಮಾಡೂದು ವ್ಯಾಯಾಮ."

ಆ ಎರಡು ಮೂರು ದಿನಗಳ ಬಿಡುವೇ ಈ ಚಿಕಿತ್ಸೆಯಿಂದ ನಾನು ಪಡೆದ ನಿಜವಾದ ಲಾಭ. ಅದಕ್ಕೂ ಮೊದಲು ನೋವಿನ ಹೆದರಿಕೆಯಿಂದ ನನಗೆ ವ್ಯಾಯಾಮವನ್ನು ಶುರುಮಾಡುವುದಕ್ಕೇ ಆಗುತ್ತಿರಲಿಲ್ಲ. ಈಗ ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅಂಚಿನಿಂದಾಚೆ ಚಾಚಿ, ಅರ್ಧ ಲೀಟರಿನ ನೀರಿನ ಬಾಟಲಿಯನ್ನು ಹಿಡಿದು ಅತಿ ನಿಧಾನವಾಗಿ ಮಣಿಕಟ್ಟನ್ನು ಇಳಿಸುತ್ತಿದ್ದೆ. ಮೇಲೆತ್ತುವುದಕ್ಕೆ ಎಡಗೈಯ ನೆರವು. ಇಳಿಸುವುದಷ್ಟೇ ಬಲಗೈಯ ಪಾಲು. ಸಣ್ಣಗೆ ನೋಯಬಹುದು, ಆದರೆ ಆ ನೋವು ಮರುದಿನ ಬೆಳಗಿನವರೆಗೆ ಉಳಿಯಬಾರದೆಂಬುದು ಕಟ್ಟಳೆ. ನೋವು ಮತ್ತೆ ಬಿಗಿದಾಗ ಕುರ್ಲಾಕ್ಕೆ ಹೋಗಿ ಬರುತ್ತಿದ್ದೆ. ದಿನ ಕಳೆದಂತೆ ಹೋಗಬೇಕಾದ ಅಗತ್ಯವೇ ವಿರಳವಾಯಿತು. ಸೈಕಲ್ಲಿನ ಮೇಲೆ ಸಾಣೆಚಕ್ರ ಕಟ್ಟಿಕೊಂಡು ಗಲ್ಲಿಗೆ ಬರುವವನಿಂದ ಕತ್ತರಿಯನ್ನು ಮೊದಲಿಗಿಂತ ಬೇಗ ಬೇಗ ಹರಿತ ಮಾಡಿಸಿಕೊಳ್ಳತೊಡಗಿದೆ. ಮೊಂಡು ಕತ್ತರಿ ಬೇಡುವ ಹಿಡಿತದ ಬಲ ಎಷ್ಟೆಂಬುದು ನೊಂದ ಕೈಗೇ ಗೊತ್ತು. ಇಸ್ತ್ರಿ ಪೆಟ್ಟಿಗೆಯನ್ನು ಎಡಗೈಗೆ ವಹಿಸಿದೆ. ಬಟ್ಟೆಯ ಥಾನುಗಳನ್ನು ಅಂಗೈ ಮೇಲ್ಮುಖವಾಗಿಟ್ಟು ಎತ್ತುವುದನ್ನು ರೂಢಿಸಿಕೊಂಡೆ.

ಟೆನಿಸ್ ಎಲ್ಬೋ ಬಂದವರಲ್ಲಿ ಬಹುಪಾಲು ಮಂದಿ ಒಂದು ವರ್ಷದೊಳಗೆ, ಹೆಚ್ಚೆಂದರೆ ಎರಡರೊಳಗೆ, ವಿಶೇಷ ಚಿಕಿತ್ಸೆಯಿಲ್ಲದೆಯೂ ಸುಧಾರಿಸುತ್ತಾರೆ. ಹೀಗಿರುವಾಗ ನನ್ನ ಗುಣದ ಕೀರ್ತಿಯನ್ನೆಲ್ಲ ಬಟ್ಟಲಿಗೆ ಕೊಡುವುದು ನ್ಯಾಯವಾಗದು. ಅಂಗಡಿಗೆ ಬರುವ ಹೆಂಗಸರು ಕೇಳಿದಾಗ ನಾನು ಇಷ್ಟನ್ನೂ ಹೇಳಿ, ವಿಳಾಸಕ್ಕೂ ಮೊದಲು ಅವರು ನುಂಗುವ ಮಾತ್ರೆಗಳನ್ನು ವಿಚಾರಿಸುತ್ತೇನೆ. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವ ನನ್ನ ಸೋದರತ್ತೆ, ನನ್ನ ಕೈ ನೋಡಿ ತಮ್ಮ ಮೊಣಕಾಲಿಗೂ ಬಟ್ಟಲು ಹಚ್ಚಿಸಬೇಕೆಂದು ಹಟ ಹಿಡಿದು ನನ್ನೊಡನೆ ಕುರ್ಲಾಕ್ಕೆ ಬಂದಿದ್ದರು. ವೈದ್ಯೆ ಮಾತ್ರೆಯ ಚೀಟಿ ನೋಡಿದವರೇ ಕೈಮುಗಿದು, "ನಿಮಗ ಇದು ಬ್ಯಾಡ ಅಮ್ಮಾರ, ಒಳಗ ರಕ್ತ ಇಳದ್ರ ನಿಲ್ಲೂದು ಕಷ್ಟ" ಎಂದು, ಕುರ್ಚಿಯ ಮೇಲೆ ಕೂತು ಕಾಲು ಚಾಚುವ ವ್ಯಾಯಾಮವನ್ನು ಕಲಿಸಿ, ಶುಲ್ಕ ತೆಗೆದುಕೊಳ್ಳದೆ ಕಳುಹಿಸಿದರು. ಅತ್ತೆ ಈಗಲೂ ಮಧ್ಯಾಹ್ನದ ಧಾರಾವಾಹಿಯ ಹೊತ್ತಿಗೆ ಅದನ್ನು ತಪ್ಪದೆ ಮಾಡುತ್ತಾರೆ. ಈ ವರ್ಷ ನಾನು ಅಸ್ತರನ್ನೂ ಮೇಲ್ಬಟ್ಟೆಯನ್ನೂ ಬೇರೆಬೇರೆಯಾಗಿ, ಎರಡೆರಡೇ ಪದರವಾಗಿ ಕತ್ತರಿಸುತ್ತಿದ್ದೇನೆ. ಹೊತ್ತು ಹೆಚ್ಚು ಹಿಡಿಯುತ್ತದೆಂದು ಮುಂಗಡವಾಗಿಯೇ ತಿಳಿಸಿ, ಗಣೇಶ ಚೌತಿಗಿಂತ ಮೊದಲು ಬಟ್ಟೆ ತಂದವರ ರವಿಕೆಗಳನ್ನಷ್ಟೇ ನವರಾತ್ರಿಗೆ ಒಪ್ಪಿಕೊಂಡಿದ್ದೇನೆ.